ಹಳೆಯ ಸ್ಟುಡಿಯೊ ಮೈಕ್ರೊಫೋನುಗಳು: ಮೂಲ, ಮರುತಯಾರಿಕೆ ಮತ್ತು ಅಗ್ಗದ ಬದಲಿಗಳು

ಯಂತ್ರೋಪಕರಣಗಳ ಲೆಕ್ಕಪತ್ರದಲ್ಲಿ ಸವಕಳಿ ಎಂಬ ಬಾಬು ಇದ್ದೇ ಇರುತ್ತದೆ. ಕೊಂಡ ವರ್ಷದಿಂದಲೇ ಬೆಲೆ ಇಳಿಯತೊಡಗಿ, ಹತ್ತು ಹದಿನೈದು ವರ್ಷಗಳಲ್ಲಿ ಗುಜರಿಯ ಬೆಲೆಯನ್ನು ಮುಟ್ಟುವುದು ಸಾಮಾನ್ಯ ನಿಯಮ. ಈ ನಿಯಮಕ್ಕೆ ಹೊರತಾದ ಕೆಲವೇ ಸರಕುಗಳಲ್ಲಿ ಧ್ವನಿಮುದ್ರಣ ಸ್ಟುಡಿಯೊಗಳ ಹಳೆಯ ಮೈಕ್ರೊಫೋನೂ ಒಂದು. ಬರ್ಲಿನ್ನಿನ ನೋಯ್ಮನ್ ಸಂಸ್ಥೆ 1949ರಲ್ಲಿ ಹೊರತಂದ ಯು 47 ಎಂಬ ಮಾದರಿಯ ತಯಾರಿಕೆ 1965ರಲ್ಲಿ ನಿಂತುಹೋಯಿತು. ಅರವತ್ತು ವರ್ಷ ದಾಟಿದ ಅಂಥದೊಂದು ಮೈಕ್ರೊಫೋನು ಸುಸ್ಥಿತಿಯಲ್ಲಿದ್ದರೆ ಇಂದು ಹತ್ತು ಸಾವಿರ ಅಮೆರಿಕನ್ ಡಾಲರುಗಳಿಗೂ ಮೇಲ್ಪಟ್ಟು ಬಿಕರಿಯಾಗುತ್ತದೆ. ಅದೇ ಮಾರುಕಟ್ಟೆಯಲ್ಲಿ ನೂರು ಡಾಲರಿನ ಆಸುಪಾಸಿಗೆ ಹೊಚ್ಚಹೊಸ ಕಂಡೆನ್ಸರ್ ಮೈಕ್ರೊಫೋನು ದೊರೆಯುತ್ತದೆ. ಒಂದೇ ಕೆಲಸಕ್ಕೆ ಬಳಕೆಯಾಗುವ ಎರಡು ಸಾಧನಗಳ ನಡುವೆ ನೂರು ಪಟ್ಟು ಅಂತರ.

ಈ ಅಂತರದಲ್ಲಿ ಗುಣದ ಪಾಲೆಷ್ಟು, ಹೆಸರಿನ ಪಾಲೆಷ್ಟು, ಅಭಾವದ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಕೇವಲ ಸಂಗೀತಾಸಕ್ತರ ಕುತೂಹಲವಲ್ಲ. ಭಕ್ತಿಗೀತೆ, ಜಾಹೀರಾತು, ಡಬ್ಬಿಂಗ್, ಧ್ವನಿಪುಸ್ತಕಗಳ ಕೆಲಸವನ್ನು ನೆಚ್ಚಿಕೊಂಡ ಸಣ್ಣ ಸ್ಟುಡಿಯೊಗಳ ಮಾಲೀಕರು ಬಹುತೇಕ ಸಾಲದ ಹಣದಿಂದಲೇ ಉಪಕರಣ ಕೊಳ್ಳುತ್ತಾರೆ. ಅವರಿಗೆ ಮಾರುವ ವರ್ತಕರು ತಮ್ಮ ಬಂಡವಾಳವನ್ನು ದಾಸ್ತಾನಿನಲ್ಲಿ ತೊಡಗಿಸಿರುತ್ತಾರೆ. ತಪ್ಪು ಆಯ್ಕೆಯಲ್ಲಿ ಸಿಕ್ಕಿಬಿದ್ದ ಹಣ ಇಬ್ಬರಿಗೂ ಬೇಗನೆ ಹಿಂದಿರುಗುವುದಿಲ್ಲ.

ಒಳಗಿರುವುದೇನು?

ಕಂಡೆನ್ಸರ್ ಮೈಕ್ರೊಫೋನಿನ ಜೀವಾಳವೆಂದರೆ ಕ್ಯಾಪ್ಸೂಲ್ ಎಂಬ ಬಿಲ್ಲೆ. ಚಿನ್ನದ ಲೇಪವಿರುವ, ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆಯನ್ನು ತಮಟೆಯ ಚರ್ಮದಂತೆ ಬಿಗಿದು, ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ರಂಧ್ರಗಳುಳ್ಳ ಲೋಹದ ತಟ್ಟೆಯನ್ನು ಇರಿಸಲಾಗಿರುತ್ತದೆ. ಪೊರೆ ಮತ್ತು ತಟ್ಟೆ ಸೇರಿ ಒಂದು ಕೆಪಾಸಿಟರ್ ಆಗುತ್ತದೆ. ಸ್ವರ ತಾಗಿದಾಗ ಪೊರೆ ಕಂಪಿಸುತ್ತದೆ, ಅಂತರ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಅತ್ಯಲ್ಪ ವಿದ್ಯುತ್ ಸಂಕೇತ ಹುಟ್ಟುತ್ತದೆ. ಈ ಸಂಕೇತ ಎಷ್ಟು ದುರ್ಬಲವೆಂದರೆ ಅದು ತಂತಿಯಲ್ಲಿ ದೂರ ಸಾಗಲಾರದು. ಆದುದರಿಂದ ಕ್ಯಾಪ್ಸೂಲಿನ ಬುಡದಲ್ಲಿಯೇ ಅದಕ್ಕೆ ಬಲ ಕೊಡುವ ಒಂದು ಘಟಕ ಇರಲೇಬೇಕು. ಹಿಂದೆ ಆ ಸ್ಥಾನದಲ್ಲಿ ರೇಡಿಯೊಗಳಲ್ಲಿದ್ದಂಥ ವಾಲ್ವು ಇರುತ್ತಿತ್ತು. 1960ರ ದಶಕದ ನಡುವಿನಿಂದ ಟ್ರಾನ್ಸಿಸ್ಟರ್ ಬಂದಿತು. ಅಲ್ಲಿಂದ ಹೊರಟ ಸಂಕೇತ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ ಕೇಬಲಿಗೆ ಇಳಿಯುತ್ತದೆ. ಇಂದಿನ ಹಲವು ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರೂ ಇರುವುದಿಲ್ಲ.

ಕ್ಯಾಪ್ಸೂಲ್, ವಾಲ್ವು, ಟ್ರಾನ್ಸ್‌ಫಾರ್ಮರ್ ಈ ಮೂರೇ ಬೆಲೆಯ ಬೇರುಗಳು. ಹೊರಗಿನ ಕವಚ ಮತ್ತು ಜಾಲರಿ ಕೂಡ ಧ್ವನಿಯ ಮೇಲೆ ಪರಿಣಾಮ ಬೀರುತ್ತವೆಯಾದರೂ ಅವನ್ನು ನಕಲು ಮಾಡುವುದು ಅಷ್ಟು ಕಷ್ಟವಲ್ಲ.

ಯು 47: ಒಂದು ವಾಲ್ವಿನ ಕಥೆ

ಯು 47ರಲ್ಲಿ ಬಳಸಿದ ವಾಲ್ವಿನ ಹೆಸರು ವಿಎಫ್ 14. ಅದನ್ನು ಟೆಲಿಫುಂಕನ್ ಸಂಸ್ಥೆ ತಯಾರಿಸಿದ್ದು ಮೈಕ್ರೊಫೋನಿಗಾಗಿ ಅಲ್ಲ, ಸಾಧಾರಣ ರೇಡಿಯೊಗಳಿಗಾಗಿ. ಗಾಜಿನ ಬದಲು ಉಕ್ಕಿನ ಕವಚ ಅದರ ವಿಶೇಷ. ಅದರ ತಂತುವಿಗೆ 55 ವೋಲ್ಟ್ ನಿಗದಿಯಾಗಿದ್ದರೂ ನೋಯ್ಮನ್ ತಂತ್ರಜ್ಞರು ಅದಕ್ಕಿಂತ ಬಹಳ ಕಡಿಮೆ ವೋಲ್ಟೇಜಿನಲ್ಲಿ ಅದನ್ನು ಕಾಯಿಸಿದರು. ಇದರಿಂದ 105 ವೋಲ್ಟಿನ ಒಂದೇ ಸರಬರಾಜಿನಿಂದ ಇಡೀ ಮೈಕ್ರೊಫೋನು ನಡೆಯುವಂತಾಯಿತು, ವಾಲ್ವಿನ ಆಯುಷ್ಯವೂ ಹೆಚ್ಚಿತು. ಬಂದ ವಾಲ್ವುಗಳನ್ನೆಲ್ಲ ಪರೀಕ್ಷಿಸಿ, ಸದ್ದು ಕಡಿಮೆಯಿರುವವನ್ನು ಮಾತ್ರ ಆರಿಸಿ, ಅವುಗಳ ಮೇಲೆ ‘ಎಂ’ ಎಂಬ ಗುರುತು ಹಾಕಲಾಗುತ್ತಿತ್ತು. ಉಳಿದವು ತಿರಸ್ಕೃತವಾಗುತ್ತಿದ್ದವು.

ಇಲ್ಲಿಯೇ ಆ ಉತ್ಪನ್ನದ ದುರ್ಬಲ ಕೊಂಡಿಯೂ ಇದ್ದಿತು. 1950ರ ದಶಕದ ಕೊನೆಯ ಹೊತ್ತಿಗೆ ವಿಎಫ್ 14ರ ತಯಾರಿಕೆ ನಿಂತಿತು. ರೇಡಿಯೊ ಮಾರುಕಟ್ಟೆಗೆ ಅದು ಹಳತಾಗಿತ್ತು. ಒಬ್ಬ ಮೈಕ್ರೊಫೋನು ತಯಾರಕನ ಸಲುವಾಗಿ ಸಾಲನ್ನು ನಡೆಸುವುದು ಲಾಭದಾಯಕವಾಗಿರಲಿಲ್ಲ. ಕೈಯಲ್ಲಿದ್ದ ದಾಸ್ತಾನು ಕರಗಿದ ಮೇಲೆ ಯು 47ರ ತಯಾರಿಕೆಯೂ ಮುಗಿಯಿತು. ಬದಲಿಯಾಗಿ ನುವಿಸ್ಟರ್ ಎಂಬ ಪುಟ್ಟ ಲೋಹದ ವಾಲ್ವನ್ನು ಸಂಸ್ಥೆಯೇ ಒದಗಿಸಿತಾದರೂ ಗ್ರಾಹಕರ ಮನಸ್ಸು ಮೊದಲಿನದರಲ್ಲೇ ಉಳಿಯಿತು. ಒಂದೇ ಪೂರೈಕೆದಾರನನ್ನು ನಂಬಿ ಉತ್ಪನ್ನ ಕಟ್ಟಿದ ಯಾವ ಸಣ್ಣ ಉದ್ಯಮಿಗೂ ಈ ಸಂಕಟ ಅಪರಿಚಿತವಲ್ಲ. ಇಂದು ಪರೀಕ್ಷಿಸಿದ ಒಂದು ವಿಎಫ್ 14 ವಾಲ್ವಿಗೇ ಸಾವಿರ ಡಾಲರಿಗೂ ಮೀರಿದ ಬೆಲೆಯಿದೆ.

ಕ್ಯಾಪ್ಸೂಲಿನ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಆರಂಭದ ಯು 47ಗಳಲ್ಲಿದ್ದ ಎಂ 7 ಕ್ಯಾಪ್ಸೂಲಿನ ಪೊರೆ ಪಿವಿಸಿ ಪ್ಲಾಸ್ಟಿಕ್ಕಿನದು, ಅಂಟಿನಿಂದ ಕೂರಿಸಿದ್ದು. ದಶಕಗಳು ಕಳೆದಂತೆ ಪಿವಿಸಿ ಒಣಗಿ ಗಡುಸಾಗುತ್ತದೆ. ಚಿನ್ನದ ಲೇಪ ಅಲ್ಲಲ್ಲಿ ಬಿಡುತ್ತದೆ. ಮುಂದೆ ಬಂದ ಕೆ 47 ಕ್ಯಾಪ್ಸೂಲಿನಲ್ಲಿ ಪಾಲಿಯೆಸ್ಟರ್ ಪೊರೆಯನ್ನು ತಿರುಪುಗಳಿಂದ ಬಿಗಿಯಲಾಯಿತು. ಅದು ಹೆಚ್ಚು ಬಾಳಿಕೆ ಬಂದಿತು. ಎಂ 7 ಸಹ ಸಂಪೂರ್ಣ ಕಣ್ಮರೆಯಾಗಲಿಲ್ಲ. 1943ರಲ್ಲಿ ಬರ್ಲಿನ್ನಿನ ಬಾಂಬ್ ದಾಳಿಗೆ ಅಂಜಿ ನೋಯ್ಮನ್ ಕಾರ್ಖಾನೆ ಗೆಫೆಲ್ ಎಂಬ ಸಣ್ಣ ಊರಿಗೆ ಸ್ಥಳಾಂತರಗೊಂಡಿತ್ತು. ಯುದ್ಧಾನಂತರ ಆ ಊರು ಪೂರ್ವ ಜರ್ಮನಿಗೆ ಸೇರಿತು, ಗಿಯೋರ್ಗ್ ನೋಯ್ಮನ್ ಪಶ್ಚಿಮ ಬರ್ಲಿನ್ನಿನಲ್ಲಿ ಮತ್ತೆ ಉದ್ಯಮ ಆರಂಭಿಸಿದರು. ಗೆಫೆಲ್‌ನಲ್ಲಿ ಉಳಿದ ಕಾರ್ಖಾನೆ ಮುಂದೆ ಮೈಕ್ರೊಟೆಕ್ ಗೆಫೆಲ್ ಎಂಬ ಹೆಸರಿನಲ್ಲಿ ಎಂ 7 ಕ್ಯಾಪ್ಸೂಲಿನ ತಯಾರಿಕೆಯನ್ನು ಮುಂದುವರಿಸಿತು. ಒಂದೇ ಮನೆತನ ಪಾಲಾಗಿ ಎರಡು ಒಲೆ ಹೂಡಿದಂತೆ.

ಇದರಿಂದ ಕೊಳ್ಳುವವರು ತಿಳಿಯಬೇಕಾದ ಸಂಗತಿಯೆಂದರೆ ‘ಹಳೆಯ ಯು 47’ ಎಂಬುದು ಒಂದೇ ಬಗೆಯ ಸರಕಲ್ಲ. ಅರವತ್ತು ಎಪ್ಪತ್ತು ವರ್ಷಗಳಲ್ಲಿ ಒಂದರ ಪೊರೆಯನ್ನು ಬದಲಿಸಿರಬಹುದು, ಇನ್ನೊಂದಕ್ಕೆ ಬೇರೆ ವಾಲ್ವು ಕೂರಿಸಿರಬಹುದು, ಮತ್ತೊಂದರ ಕವಚ ಮಾತ್ರ ಮೂಲದ್ದಾಗಿರಬಹುದು. ಎರಡು ಮೈಕ್ರೊಫೋನುಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದರೆ ಧ್ವನಿ ಬೇರೆಬೇರೆಯಾಗಿಯೇ ಇರುವುದು ಸಾಮಾನ್ಯ. ಬೀಟಲ್ಸ್ ಮತ್ತು ಫ್ರಾಂಕ್ ಸಿನಾತ್ರಾ ಹಾಡಿದ್ದು ಯು 47 ಮುಂದೆ ಎಂಬ ಮಾತು ನಿಜ. ಆದರೆ ಅವರು ಹಾಡಿದಾಗ ಆ ಮೈಕ್ರೊಫೋನುಗಳು ಹೊಸವಾಗಿದ್ದವು ಎಂಬುದನ್ನು ಮಾರುವವರು ನೆನಪಿಸುವುದಿಲ್ಲ.

ಮೂಲ ತಯಾರಕರ ಮರುತಯಾರಿಕೆ

ಹಳೆಯದಕ್ಕೆ ಬೇಡಿಕೆ ಏರುತ್ತಿರುವುದನ್ನು ಕಂಡ ಮೂಲ ಸಂಸ್ಥೆಗಳು ತಮ್ಮದೇ ಹಳೆಯ ಮಾದರಿಗಳನ್ನು ಮತ್ತೆ ತಯಾರಿಸತೊಡಗಿದವು. ನೋಯ್ಮನ್ ಸಂಸ್ಥೆ (1991ರಿಂದ ಇದು ಸೆನ್‌ಹೈಸರ್ ಒಡೆತನದಲ್ಲಿದೆ) 1960ರ ಯು 67 ಮಾದರಿಯನ್ನು 2018ರಲ್ಲಿ ಮರಳಿ ಮಾರುಕಟ್ಟೆಗೆ ತಂದಿತು. 1951ರ ಎಂ 49 ಮಾದರಿಯು ಎಂ 49 ವಿ ಎಂಬ ಹೆಸರಿನಲ್ಲಿ 2022ರಲ್ಲಿ ಮರಳಿತು. ಹೆಚ್ಚು ಪ್ರಸಿದ್ಧವಾದ ವಾಲ್ವಿನ ಯು 47 ಮಾತ್ರ ಈ ಸಾಲಿನಲ್ಲಿ ಕಾಣುವುದಿಲ್ಲ. ಅದರ ಹೆಸರಿನ ಟ್ರಾನ್ಸಿಸ್ಟರ್ ಸೋದರನಾದ ಯು 47 ಫೆಟ್ ಮಾದರಿಯಷ್ಟೇ ಪುನಃ ತಯಾರಾಗಿದೆ.

ಕಾರಣ ಮತ್ತೆ ವಾಲ್ವಿನದೇ. ಯು 67ರಲ್ಲಿದ್ದ ಇಎಫ್ 86 ವಾಲ್ವು ಧ್ವನಿವರ್ಧಕಗಳಲ್ಲಿ ಅಪಾರವಾಗಿ ಬಳಕೆಯಾದದ್ದರಿಂದ ಇಂದಿಗೂ ದೊರೆಯುತ್ತದೆ; ಅದರಲ್ಲಿ ಕಡಿಮೆ ಸದ್ದಿನವನ್ನು ಅಳೆದು ಆರಿಸಿಕೊಂಡರಾಯಿತು. ಕ್ಯಾಪ್ಸೂಲಿನ ತಾಂತ್ರಿಕತೆ ಯು 87ರ ಮೂಲಕ ಅವಿಚ್ಛಿನ್ನವಾಗಿ ಮುಂದುವರಿದಿತ್ತು. ಟ್ರಾನ್ಸ್‌ಫಾರ್ಮರನ್ನು ಹಳೆಯ ದಾಖಲೆಗಳ ಆಧಾರದಿಂದ ಮತ್ತೆ ಸುತ್ತಲಾಯಿತು. ಎಂ 49ರ ವಿಷಯದಲ್ಲಿ ಮೂಲ ಎಸಿ 701 ವಾಲ್ವು ತಯಾರಿಕೆಯಲ್ಲಿಲ್ಲದ ಕಾರಣ ಬೇರೊಂದು ಕಿರುವಾಲ್ವನ್ನು ಬಳಸಬೇಕಾಯಿತು. ಹೀಗಾಗಿ ‘ಮರುತಯಾರಿಕೆ’ ಎಂಬ ಒಂದೇ ಪದದಡಿ ಬೇರೆಬೇರೆ ಪ್ರಮಾಣದ ನಿಷ್ಠೆ ಅಡಗಿದೆ. ಯಾವ ಭಾಗ ಮೂಲದಂತಿದೆ, ಯಾವುದು ಬದಲಾಗಿದೆ ಎಂದು ವರ್ತಕರು ತಿಳಿದು ಹೇಳಿದರೆ ಗ್ರಾಹಕನ ವಿಶ್ವಾಸ ಉಳಿಯುತ್ತದೆ.

ಬೆಲೆ ಕಡಿಮೆಯೇನಲ್ಲ. ಮರಳಿ ಬಂದಾಗ ಯು 67ರ ಬೆಲೆ ಏಳು ಸಾವಿರ ಡಾಲರಿನ ಸುಮಾರಿನಲ್ಲಿತ್ತು. ಆದರೆ ಖಾತರಿ, ಬಿಡಿಭಾಗ, ದುರಸ್ತಿಯ ಆಸರೆ ಇವು ಸಿಗುತ್ತವೆ. ಎರಡನ್ನು ಒಟ್ಟಿಗೆ ಕೊಂಡರೆ ಎರಡೂ ಒಂದೇ ರೀತಿ ಧ್ವನಿಸುತ್ತವೆ. ದಿನನಿತ್ಯ ಗಿರಾಕಿಗಳ ಕೆಲಸ ಮಾಡುವ ಸ್ಟುಡಿಯೊಗೆ ಇದು ಹಳೆಯದರ ಕೀರ್ತಿಗಿಂತ ಹೆಚ್ಚು ಉಪಯುಕ್ತ.

ವಿಯೆನ್ನಾದ ಎಕೆಜಿ ಸಂಸ್ಥೆಯ ಕಥೆ ಬೇರೆ ತಿರುವು ಪಡೆಯಿತು. 1953ರಲ್ಲಿ ಅದು ತಂದ ಸಿ 12 ಮೈಕ್ರೊಫೋನು ಮತ್ತು ಅದೇ ಕ್ಯಾಪ್ಸೂಲನ್ನು ಬಳಸಿ ಟೆಲಿಫುಂಕನ್‌ಗಾಗಿ ತಯಾರಿಸಿದ ಇಎಲ್‌ಎ ಎಂ 251 ಇಂದಿಗೂ ಅತಿ ದುಬಾರಿಯ ಹಳೆಯ ಮೈಕ್ರೊಫೋನುಗಳ ಸಾಲಿನಲ್ಲಿವೆ. 1990ರ ದಶಕದಲ್ಲಿ ಸಂಸ್ಥೆ ಸಿ 12 ವಿಆರ್ ಎಂಬ ಹೊಸ ರೂಪವನ್ನು ಹೊರತಂದಿತು. ಹೆಸರಿನ ಹೋಲಿಕೆ ಮೂಲದೊಂದಿಗೆ ಇದ್ದಷ್ಟು ಧ್ವನಿಯ ಹೋಲಿಕೆ ಇರಲಿಲ್ಲವೆಂಬುದು ಬಳಕೆದಾರರ ಸಾಮಾನ್ಯ ಅಭಿಪ್ರಾಯ. ಎಕೆಜಿಯ ಮಾತೃಸಂಸ್ಥೆಯಾದ ಹರ್ಮನ್ 2017ರಲ್ಲಿ ಸ್ಯಾಮ್‌ಸಂಗ್ ಪಾಲಾಯಿತು, ಅದೇ ವರ್ಷ ವಿಯೆನ್ನಾದ ಘಟಕ ಮುಚ್ಚಿತು. ಕೆಲಸ ಕಳೆದುಕೊಂಡ ತಂತ್ರಜ್ಞರು ಕೂಡಿ ಆಸ್ಟ್ರಿಯನ್ ಆಡಿಯೊ ಎಂಬ ಸಂಸ್ಥೆಯನ್ನು ಅಲ್ಲಿಯೇ ಕಟ್ಟಿದರು. ಹೆಸರು ಒಂದೆಡೆ, ಕೈಚಳಕ ಮತ್ತೊಂದೆಡೆ ಉಳಿದ ಸ್ಪಷ್ಟ ಉದಾಹರಣೆ ಇದು.

ಟೆಲಿಫುಂಕನ್ ಹೆಸರೂ ಹೀಗೆಯೇ ಪಯಣಿಸಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಸಂಸ್ಥೆ ಆ ಹೆಸರಿನ ಹಕ್ಕು ಪಡೆದು ಯು 47 ಮತ್ತು 251ರ ಮರುತಯಾರಿಕೆ ಮಾಡುತ್ತಿದೆ. ಉತ್ಪನ್ನ ಶ್ರೇಷ್ಠವೆಂಬ ಹೆಸರಿದೆ, ಆದರೆ ಹಳೆಯ ಜರ್ಮನ್ ಕಾರ್ಖಾನೆಯ ಮುಂದುವರಿಕೆ ಅದಲ್ಲ.

ರಿಬ್ಬನ್ ಮೈಕ್ರೊಫೋನುಗಳಲ್ಲಿ ಗೊಂದಲ ಕಡಿಮೆ. ಬಿಬಿಸಿಗಾಗಿ 1950ರ ದಶಕದಲ್ಲಿ ರೂಪುಗೊಂಡ 4038 ಮಾದರಿಯನ್ನು ಬ್ರಿಟನ್ನಿನ ಕೋಲ್ಸ್ ಸಂಸ್ಥೆ ಇಂದಿಗೂ ತಯಾರಿಸುತ್ತಿದೆ. ಆರ್‌ಸಿಎ 44ರ ಪುನರವತಾರವನ್ನು ಅಮೆರಿಕದ ಎಇಎ ಸಂಸ್ಥೆ ಒದಗಿಸುತ್ತದೆ.

ಅಗ್ಗದವು ಎಲ್ಲಿಂದ ಬಂದವು?

ಬೀಜಿಂಗ್ ನಗರದ 798 ಕಲಾಕೇಂದ್ರವನ್ನು ನೋಡಿದ ಪ್ರವಾಸಿಗಳಿಗೆ ಅದು ಹಿಂದೆ ಕಾರ್ಖಾನೆಯಾಗಿತ್ತೆಂಬುದು ಗೊತ್ತು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ನೆರವಿನಿಂದ ಚೀನಾ ಅಲ್ಲಿ 718 ಎಂಬ ಎಲೆಕ್ಟ್ರಾನಿಕ್ಸ್ ಸಂಯುಕ್ತ ಕಾರ್ಖಾನೆಯನ್ನು ಕಟ್ಟಿತು. ಮುಂದೆ ಅದು ಹಲವು ಘಟಕಗಳಾಗಿ ಒಡೆಯಿತು. ಅವುಗಳಲ್ಲಿ 797 ಸಂಖ್ಯೆಯದು ಮೈಕ್ರೊಫೋನುಗಳದು. ಚೀನಾ ತನ್ನ ಬಾಗಿಲು ತೆರೆದ ಮೇಲೆ ಅಲ್ಲಿಯ ಕ್ಯಾಪ್ಸೂಲುಗಳು ಪಾಶ್ಚಾತ್ಯ ಹೆಸರುಗಳ ಕವಚದೊಳಗೆ ಸೇರಿದವು. ಸಿಡ್ನಿಯ ರೋಡ್ ಸಂಸ್ಥೆಯೂ ಮೊದಲು ಚೀನೀ ಮೈಕ್ರೊಫೋನನ್ನು ತರಿಸಿ, ಅದರ ಎಲೆಕ್ಟ್ರಾನಿಕ್ಸನ್ನು ಸುಧಾರಿಸಿ ಮಾರಿತು. ಬಂದ ಲಾಭವನ್ನು ಯಂತ್ರಗಳಲ್ಲಿ ಹೂಡಿ, ಕೆಲವೇ ವರ್ಷಗಳಲ್ಲಿ ಕ್ಯಾಪ್ಸೂಲನ್ನು ಸಿಡ್ನಿಯಲ್ಲಿಯೇ ತಯಾರಿಸುವ ಮಟ್ಟಕ್ಕೆ ಬೆಳೆಯಿತು. ಕೂಲಿ ದುಬಾರಿಯಾದ ದೇಶದಲ್ಲಿ ಇದನ್ನು ಸಾಧಿಸಿದ್ದು ಪೀಣ್ಯದ ಲೇತು, ಸಿಎನ್‌ಸಿ ಘಟಕಗಳವರು ಒಮ್ಮೆ ಯೋಚಿಸಿ ನೋಡುವಂಥ ಸಂಗತಿ.

ಇಂದು ಅಗ್ಗದ ಮೈಕ್ರೊಫೋನಿನ ಅಂಕಿಗಳು ಅಚ್ಚರಿ ಹುಟ್ಟಿಸುತ್ತವೆ. ಸುತ್ತ ಪೂರ್ಣ ನಿಶ್ಶಬ್ದವಿದ್ದಾಗಲೂ ಮೈಕ್ರೊಫೋನು ತಾನೇ ಹೊರಡಿಸುವ ‘ಸುಯ್’ ಎಂಬ ಸದ್ದನ್ನು ಡೆಸಿಬೆಲ್ಲುಗಳಲ್ಲಿ ಅಳೆಯುತ್ತಾರೆ. ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಮೂರು ಸಾವಿರ ಡಾಲರಿಗೂ ಮೇಲಿರುವ ನೋಯ್ಮನ್ ಯು 87 ಎಐ ಮಾದರಿಯಲ್ಲಿ ಇದು 12, ಅದೇ ಸಂಸ್ಥೆಯ ಟಿಎಲ್‌ಎಂ 103ರಲ್ಲಿ 7. ಇನ್ನೂರೈವತ್ತು ಡಾಲರಿನ ಆಸುಪಾಸಿನ ರೋಡ್ ಎನ್‌ಟಿ 1ರಲ್ಲಿ ಕೇವಲ 4. ನೂರು ಡಾಲರಿನ ಆಡಿಯೊ ಟೆಕ್ನಿಕಾ ಎಟಿ 2020ರಲ್ಲಿ 20. ಅಂದರೆ ಸದ್ದಿನ ವಿಷಯದಲ್ಲಿ ಬೆಲೆಗೂ ಗುಣಕ್ಕೂ ನೇರ ಸಂಬಂಧ ಉಳಿದಿಲ್ಲ.

ಹಾಗಾದರೆ ಅಗ್ಗದವುಗಳ ಕೊರತೆ ಎಲ್ಲಿದೆ? ಉತ್ತರ ಬಹುಮಟ್ಟಿಗೆ ಕ್ಯಾಪ್ಸೂಲು ಮತ್ತು ಸರ್ಕಿಟ್ಟಿನ ಹೊಂದಾಣಿಕೆಯಲ್ಲಿದೆ. ಯು 67ರ ಕ್ಯಾಪ್ಸೂಲಾದ ಕೆ 67 ಉಚ್ಚ ಕಂಪನಾಂಕಗಳನ್ನು ಉದ್ದೇಶಪೂರ್ವಕವಾಗಿ ಎತ್ತಿಕೊಡುತ್ತದೆ. ಅದರ ಹಿಂದಿನ ಸರ್ಕಿಟ್ಟು ಅಷ್ಟನ್ನೇ ತಗ್ಗಿಸುತ್ತದೆ. ತಗ್ಗಿಸುವಾಗ ವಾಲ್ವಿನ ಸದ್ದನ್ನೂ ಜೊತೆಗೆ ತಗ್ಗಿಸುತ್ತದೆ. ಎತ್ತುವುದು, ಇಳಿಸುವುದು ಎರಡೂ ಸೇರಿದ ಜಾಣ ಉಪಾಯ ಅದು. ಚೀನೀ ತಯಾರಕರು ಕೆ 67 ಮಾದರಿಯ ಕ್ಯಾಪ್ಸೂಲನ್ನು ಲಕ್ಷಗಟ್ಟಲೆ ತಯಾರಿಸಿದರು. ಆದರೆ ಹಲವು ಅಗ್ಗದ ಮೈಕ್ರೊಫೋನುಗಳಲ್ಲಿ ಅದನ್ನು ಕೂರಿಸಿದ್ದು ಇಳಿಸುವ ಏರ್ಪಾಡೇ ಇಲ್ಲದ ಸರಳ ಸರ್ಕಿಟ್ಟಿನ ಮುಂದೆ. ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಅದು ‘ಸ್ಪಷ್ಟ’ವೆಂದು ತೋರುತ್ತದೆ. ಹಾಡಿನಲ್ಲಿ ಸ, ಶ, ಷ ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ. ಕ್ಯಾಪ್ಸೂಲು ಕೆಟ್ಟದ್ದೆಂದು ದೂರುವವರಲ್ಲಿ ಹೆಚ್ಚಿನವರು ದೂರಬೇಕಾದುದು ಕೆಲವೇ ರೂಪಾಯಿಗಳ ರೆಸಿಸ್ಟರ್, ಕೆಪಾಸಿಟರುಗಳನ್ನು ಉಳಿಸಲು ಹೋದ ವಿನ್ಯಾಸಕಾರನನ್ನು.

ಈ ಅರಿವು ಹರಡಿದ ಮೇಲೆ ಮಧ್ಯಮ ಬೆಲೆಯ ಹೊಸ ವರ್ಗವೊಂದು ಹುಟ್ಟಿತು. ಅಮೆರಿಕದ ಟೆಕ್ಸಸ್ಸಿನ ವಾರ್ಮ್ ಆಡಿಯೊ ಸಂಸ್ಥೆ ಹಳೆಯ ಸರ್ಕಿಟ್ಟುಗಳನ್ನೇ ಆಧರಿಸಿ, ಚೀನಾದಲ್ಲಿ ತಯಾರಿಸಿ, ಡಬ್ಲ್ಯುಎ 87 ಮತ್ತು ಡಬ್ಲ್ಯುಎ 47 ಮಾದರಿಗಳನ್ನು ಸಾವಿರ ಡಾಲರಿನೊಳಗೆ ತಂದಿತು. ಇವು ಮೂಲದ ಸಮೀಪಕ್ಕೆ ಬರುತ್ತವೆ, ಮೂಲವೇ ಎನ್ನಲಾಗದು. ವಾಲ್ವಿನ ಆಯ್ಕೆ, ಪೊರೆಯ ಬಿಗಿತದ ಏಕರೂಪತೆ, ಜೋಡಣೆಯ ಪರೀಕ್ಷೆ ಇವುಗಳಲ್ಲಿಯೇ ಉಳಿದ ಬೆಲೆಯ ಅಂತರ ಅಡಗಿದೆ.

ಮೂಲವೇ ಅಗ್ಗವಾಗಿರುವ ಉದಾಹರಣೆಗಳೂ ಇವೆ. ಶೂರ್ ಸಂಸ್ಥೆಯ ಎಸ್‌ಎಂ 57 (1965), ಎಸ್‌ಎಂ 58 (1966) ಮತ್ತು ಎಸ್‌ಎಂ 7 (1973) ಡೈನಾಮಿಕ್ ಮೈಕ್ರೊಫೋನುಗಳು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇಂದಿಗೂ ಹೊಸದಾಗಿಯೇ ದೊರೆಯುತ್ತವೆ. 1982ರಲ್ಲಿ ಮೈಕಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಗೀತಸಂಪುಟದಲ್ಲಿ ಬಳಕೆಯಾದದ್ದು ಎಸ್‌ಎಂ 7. ವಿಪರ್ಯಾಸವೆಂದರೆ ಖೋಟಾ ಸರಕಿನ ಕಾಟ ಹೆಚ್ಚಾಗಿರುವುದು ದುಬಾರಿಯ ವಸ್ತುವಿನಲ್ಲಲ್ಲ, ವೇಗವಾಗಿ ಮಾರಾಟವಾಗುವ ಎಸ್‌ಎಂ 58ರಂಥವುಗಳಲ್ಲಿ. ಅಧಿಕೃತ ವಿತರಕರ ಬೆಲೆಗಿಂತ ಅಸಹಜವಾಗಿ ಕಡಿಮೆಗೆ ಬರುವ ಪೆಟ್ಟಿಗೆಗಳನ್ನು ವರ್ತಕರು ದಾಸ್ತಾನು ಮಾಡದಿರುವುದು ಕ್ಷೇಮ.

ನಕಲು ಎಲ್ಲಿಯವರೆಗೆ ನ್ಯಾಯಸಮ್ಮತ?

ಐವತ್ತು ಅರವತ್ತು ವರ್ಷ ಹಳೆಯ ಸರ್ಕಿಟ್ಟು, ಕ್ಯಾಪ್ಸೂಲುಗಳ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಅವುಗಳನ್ನು ನೋಡಿ ತಯಾರಿಸಲು ಅಡ್ಡಿಯಿಲ್ಲ. ಭಾರತದಲ್ಲಿ ಪೇಟೆಂಟಿನ ಅವಧಿ 20 ವರ್ಷ. ನೋಂದಾಯಿತ ಹೊರವಿನ್ಯಾಸಕ್ಕೆ 10 ವರ್ಷ, ಅರ್ಜಿ ಸಲ್ಲಿಸಿದರೆ ಮತ್ತೆ 5 ವರ್ಷ ರಕ್ಷಣೆಯಿದೆ. ಆದರೆ ವಾಣಿಜ್ಯ ಚಿಹ್ನೆಯ ನೋಂದಣಿಯನ್ನು ಹತ್ತು ಹತ್ತು ವರ್ಷಗಳಿಗೆ ನವೀಕರಿಸುತ್ತಾ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಆದುದರಿಂದಲೇ ತದ್ರೂಪು ತಯಾರಕರು ‘47’, ‘87’, ‘251’ ಎಂಬ ಅಂಕಿಗಳನ್ನು ಮಾತ್ರ ಇರಿಸಿಕೊಂಡು ತಮ್ಮದೇ ಹೆಸರಿನಲ್ಲಿ ಮಾರುತ್ತಾರೆ. ತದ್ರೂಪಿಗೂ ಖೋಟಾಗೂ ಇರುವ ಗೆರೆ ಇದೇ. ಮೊದಲನೆಯದು ವ್ಯಾಪಾರ, ಎರಡನೆಯದು ಅಪರಾಧ. ಪರಿಚಿತ ಹೆಸರಿನ ಬಿಲ್ಲೆಯನ್ನು ಅಂಟಿಸಿದ ಸರಕನ್ನು ತಿಳಿದೂ ಮಾರಿದ ಅಂಗಡಿಯವರು ‘ತಯಾರಿಸಿದ್ದು ನಾವಲ್ಲ’ ಎಂದು ಜಾರಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ.

ಕೊಳ್ಳುವ ಮುನ್ನ

ಎರಡು ಮೈಕ್ರೊಫೋನುಗಳನ್ನು ಹೋಲಿಸುವಾಗ ಒಬ್ಬನೇ ಗಾಯಕ, ಒಂದೇ ದೂರ, ಒಂದೇ ಕೋಣೆ ಇರಬೇಕು; ಧ್ವನಿಯ ಮಟ್ಟವನ್ನು ಮೀಟರಿನಲ್ಲಿ ಸರಿಸಮ ಮಾಡಿಕೊಳ್ಳಬೇಕು. ತುಸು ಗಟ್ಟಿಯಾಗಿ ಕೇಳಿಸಿದ್ದೇ ಉತ್ತಮವೆಂದು ತೋರುವುದು ಕಿವಿಯ ಸ್ವಭಾವ, ಮಾರಾಟಗಾರರಿಗೆ ಇದು ಚೆನ್ನಾಗಿ ಗೊತ್ತು. ಯಾವುದು ಯಾವುದೆಂದು ತಿಳಿಯದಂತೆ ಕೇಳಿಸಿದರೆ ಇನ್ನೂ ಒಳಿತು. ಪ್ರತಿಧ್ವನಿಸುವ ಬರಿಗೋಡೆಗಳ ಕೋಣೆಯಲ್ಲಿ ಏಳು ಸಾವಿರ ಡಾಲರಿನ ಮೈಕ್ರೊಫೋನು ಗೋಡೆಯ ದೋಷವನ್ನು ಇನ್ನಷ್ಟು ನಿಷ್ಠೆಯಿಂದ ಮುದ್ರಿಸುತ್ತದೆ, ಅಷ್ಟೆ. ಸಾಲದ ಮೊತ್ತದಲ್ಲಿ ಮೊದಲ ಪಾಲು ಕೋಣೆಯ ಧ್ವನಿಶೋಷಕ ಹೊದಿಕೆಗೆ ಸಲ್ಲಬೇಕು. ಹಳೆಯ ಮೈಕ್ರೊಫೋನೇ ಬೇಕೆಂಬ ಗಿರಾಕಿ ವರ್ಷಕ್ಕೆ ಒಂದೆರಡು ಬಾರಿ ಬಂದರೆ ಬಾಡಿಗೆಗೆ ತರುವುದು ಲಾಭಕರ.

ವಿದೇಶದಿಂದ ತರಿಸುವವರು ಇನ್ನೆರಡು ಲೆಕ್ಕ ಹಾಕಬೇಕು. ಮೈಕ್ರೊಫೋನುಗಳು ಸುಂಕದ ಪಟ್ಟಿಯಲ್ಲಿ 8518ನೆಯ ಶೀರ್ಷಿಕೆಯಡಿ ಬರುತ್ತವೆ. ಆಮದಿನ ವೇಳೆ ತೆತ್ತ ಐಜಿಎಸ್‌ಟಿಯನ್ನು ನೋಂದಾಯಿತ ಉದ್ಯಮಿ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು, ಮೂಲ ಕಸ್ಟಮ್ಸ್ ಸುಂಕ ಮಾತ್ರ ಹಿಂದಿರುಗುವುದಿಲ್ಲ. ಬಳಸಿದ ವಸ್ತುಗಳ ಆಮದಿಗೆ ಪ್ರತ್ಯೇಕ ನಿಯಮಗಳಿರುವುದರಿಂದ ಹಣ ಕಳುಹಿಸುವ ಮೊದಲೇ ಕಸ್ಟಮ್ಸ್ ದಲ್ಲಾಳಿಯನ್ನು ವಿಚಾರಿಸುವುದು ಅಗತ್ಯ. ವಾಲ್ವಿನ ಮೈಕ್ರೊಫೋನಿಗೆ ಪ್ರತ್ಯೇಕ ವಿದ್ಯುತ್ ಪೆಟ್ಟಿಗೆ ಇರುತ್ತದೆ. ಅಮೆರಿಕದಿಂದ ಬಂದದ್ದು 110 ವೋಲ್ಟಿಗೆ ಹೊಂದಿಸಿದ್ದರೆ ನಮ್ಮ 230 ವೋಲ್ಟಿಗೆ ಬದಲಿಸದೆ ಚುಚ್ಚಿದ ಕ್ಷಣದಲ್ಲಿಯೇ ಸುಟ್ಟುಹೋದೀತು. ಟ್ರಾನ್ಸಿಸ್ಟರ್ ಮಾದರಿಗಳಿಗೆ ಈ ತೊಂದರೆಯಿಲ್ಲ, ಅವು ಮಿಕ್ಸರಿನಿಂದಲೇ ಬರುವ 48 ವೋಲ್ಟಿನಲ್ಲಿ ನಡೆಯುತ್ತವೆ. 48 ಎಂಬ ಅಂಕಿಗೂ ಒಂದು ಕಾರಣವಿದೆ: 1966ರಲ್ಲಿ ನಾರ್ವೆಯ ಪ್ರಸಾರ ಸಂಸ್ಥೆಗಾಗಿ ನೋಯ್ಮನ್ ಈ ಪದ್ಧತಿಯನ್ನು ರೂಪಿಸಿದಾಗ ಅಲ್ಲಿಯ ಸ್ಟುಡಿಯೊಗಳ ತುರ್ತು ದೀಪಗಳಿಗೆ 48 ವೋಲ್ಟಿನ ಸರಬರಾಜು ಮೊದಲೇ ಇದ್ದಿತು.

ಕರಾವಳಿ ಮತ್ತು ಮಲೆನಾಡಿನ ಸ್ಟುಡಿಯೊಗಳು ಮಳೆಗಾಲದಲ್ಲಿ ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಕ್ಯಾಪ್ಸೂಲಿನ ಮೇಲೆ ತೇವ ಕೂತರೆ ವಿದ್ಯುದಾವೇಶ ಸೋರಿ ಪಟಪಟ ಸದ್ದು ಹೊರಡುತ್ತದೆ; ಹಳೆಯ, ಧೂಳು ಹಿಡಿದ ಪೊರೆಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಕೆಲಸ ಮುಗಿದೊಡನೆ ಮೈಕ್ರೊಫೋನನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರಿಸಬೇಕು. ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಿಕೊಂಡರೆ ಮತ್ತೆ ಮತ್ತೆ ಬಳಸಬಹುದು.